ಬದು ಇಲ್ಲದ ಹೊಲ

ಗಡಹಿಂಗ್ಲಜ, ಮಾಘಮಾಸ, ೧೯೬೬

ಅಲ್ಲಪ್ಪಣ್ಣಾ,

ಇವತ್ತು ನಮ್ಮ ಹೊಲದಲ್ಲಿ ಮಿಲಿಟರಿಯ ಜೆಟ್ ವಿಮಾನ ಇಳಿಯಿತು. ಇಂಜಿನ್ ಕೆಟ್ಟು ಸದ್ದಿಲ್ಲದೆ ಬಂದದ್ದು, ಕಬ್ಬು ಕಡಿದ ನೆಲಕ್ಕೆ ಹೊಟ್ಟೆ ಉಜ್ಜಿಕೊಂಡು, ನನ್ನ ಪಾಲಿನಿಂದ ಜಾರಿ ನಿನ್ನ ಪಾಲಿನೊಳಗೆ ನಿಂತಿತು. ಪೈಲಟ್ ತಾನೇ ಇಳಿದು ಬಂದ. ಮೈಗೆ ಏನೂ ಆಗಿರಲಿಲ್ಲ. ಗಾಣಕ್ಕೆ ಕರೆದೊಯ್ದೆ, ತಂಬಿಗೆ ತುಂಬ ಕಬ್ಬಿನ ಹಾಲು ಕುಡಿದ.

"ನಡುವ ಬದು ಇದ್ದಿದ್ರ ಪಲ್ಟಿ ಹೊಡೀತಿತ್ತು ನೋಡ್ರಿ," ಅಂದಳು ನನ್ನ ಹೆಂಡತಿ ಹಾಲವ್ವ.

ನಾವು ಮಾತು ಬಿಟ್ಟ ವರ್ಷ ಹಾಕಿದ ಬದು. ನೀನು ತೀರಿಕೊಂಡ ಮೇಲೆ ನಾನೇ ಅಗೆದು ಸಮ ಮಾಡಿದ್ದೆ.

ಹೊಲ ಯಾರದೆಂದು ಪೈಲಟ್ ಕೇಳಿದ.

"ನಾವು ಅಣ್ಣತಮ್ಮಂದ್ರದ್ರಿ," ಅಂದೆ.

ಹಾಗಾದರೆ ನಿಮ್ಮ ಅಣ್ಣನಿಗೂ ನನ್ನ ನಮಸ್ಕಾರ ಹೇಳಿ ಅಂದ.

"ಹೇಳ್ತೇನ್ರಿ," ಅಂದೆ.

ಅದಕ್ಕೇ ಬರೆಯಲು ಕೂತೆ.

ನಿನ್ನ ತಮ್ಮ,
ಸಾತಪ್ಪ