ಎರಡನೇ ಮಗ್ಗುಲಿನಿಂದ ಶುರು ಮಾಡಿ

ಮಂಗಳವಾರ, ತಾರೀಕು ಒಂಬತ್ತು
ಬೈಂಡಿಂಗ್ ಅಂಗಡಿ, ಮಧ್ಯಾಹ್ನ

ಪ್ರೀತಿಯ ಭಾವನವರಿಗೆ,

ಗೋಂದಿನ ಡಬ್ಬಿಯ ನಮಸ್ಕಾರಗಳು. ನೀವಿಟ್ಟ ಆ ಹೆಸರಿನಿಂದ ಆರು ವರ್ಷದಲ್ಲಿ ಯಾರೂ ನನ್ನನ್ನು ಕರೆದಿಲ್ಲ. ಲಕೋಟೆಯ ಮೇಲೆ ಅದನ್ನು ಓದಿ ಅಂಚೆಯವನು ನಕ್ಕ. ಬೈದು ಕಳಿಸಿದೆ, ಆಮೇಲೆ ನಾನೂ ನಕ್ಕೆ.

ನೀವು ಬರೆದದ್ದು ನಾಲ್ಕೇ ಸಾಲು. ಮೊದಲ ಮೂರು ಸಾಲು ಹವೆಯ ವಿಚಾರ. ನಾಲ್ಕನೆಯದರಲ್ಲಿ ಅಕ್ಕನ ಹಾಡುಗಳನ್ನು ಕೇಳಬೇಕೆನ್ನಿಸಿದೆ, ಏಳು ಕ್ಯಾಸೆಟ್ಟುಗಳಲ್ಲಿ ಎಲ್ಲಿಂದ ಶುರು ಮಾಡಲಿ ಎಂದು ಕೇಳಿದ್ದೀರಿ. ಕಂಸದೊಳಗೆ ಇನ್ನೊಂದು ಮಾತು ತುರುಕಿದ್ದೀರಿ, ಇರುವೆ ಸಾಲಿನಷ್ಟು ಸಣ್ಣ ಅಕ್ಷರದಲ್ಲಿ. ಅದರ ಮಾತಿಗೆ ಆಮೇಲೆ ಬರುತ್ತೇನೆ. ನಿಮ್ಮ ಪ್ರಶ್ನೆಗೆ ಉತ್ತರ ಸುಲಭ, ಆದರೆ ಅದರ ಬೆನ್ನಿಗೆ ನಾನೊಂದು ತಪ್ಪು ಒಪ್ಪಿಕೊಳ್ಳಬೇಕು. ಅದನ್ನು ಓದಿದ ಮೇಲೆ ನೀವು ನನ್ನನ್ನು ಮತ್ತೆ ಮಾತಾಡಿಸುತ್ತೀರೋ ಇಲ್ಲವೋ. ಅದಕ್ಕೇ ಹಾಡಿನ ಮಾತು ಮೊದಲು.

ಅಕ್ಕನಿಗೆ ನಿಮ್ಮ ಪತ್ರದ ಸುದ್ದಿ ಹೇಳಿಲ್ಲ. ನನ್ನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ ಎನ್ನುತ್ತಿದ್ದಿರಿ. ಈ ಸಲ ನಿಂತಿದೆ ಎಂದು ತಿಳಿಯಿರಿ.

ಮೊದಲು ಕೇಳಬೇಕಾದದ್ದು ನಾಲ್ಕನೆಯದು, ‘ಕೊಡೆ ಮರೆತವರು’. ಒಂದು ಗಿಟಾರು, ಒಂದು ದಮ್ಮಡಿ, ಅಕ್ಕನ ಗಂಟಲು, ಅಷ್ಟೇ. ಬಸ್ಸಿನಲ್ಲಿ ಕೊಡೆ ಬಿಟ್ಟುಹೋದವರ ಮೇಲೆ ಒಂದೊಂದು ಹಾಡು. ಅದರಲ್ಲಿ ಹಲ್ಲಿನ ಡಾಕ್ಟರ ಹಾಡಿಗೆ ನೀವು ನಗದಿದ್ದರೆ ಮುಂದಿನವನ್ನು ಕೇಳುವ ತೊಂದರೆ ತೆಗೆದುಕೊಳ್ಳಬೇಡಿ. ಆಮೇಲೆ ಎರಡನೆಯದಕ್ಕೆ ಬನ್ನಿ, ಅಮ್ಮನ ಹೊಲಿಗೆ ಯಂತ್ರದ ಹಾಡುಗಳು. ಪೆಡಲಿನ ಸದ್ದನ್ನೇ ತಾಳವಾಗಿ ಹಾಕಿದ್ದಾಳೆ. ಮೊದಲನೆಯದನ್ನು ಅದರ ನಂತರ ಕೇಳಿ. ಆಗ ಅವಳಿಗೆ ಹತ್ತೊಂಬತ್ತು, ಬಸ್ಸು ತಪ್ಪಿಹೋಗುತ್ತದೆ ಎನ್ನುವ ಹಾಗೆ ಹಾಡಿದ್ದಾಳೆ. ಅವಳನ್ನು ಬಲ್ಲವರಿಗೆ ಮಾತ್ರ ಅದು ಮುದ್ದೆನಿಸುತ್ತದೆ. ಐದನೆಯದನ್ನು ದಯವಿಟ್ಟು ಬಿಡಿ. ಡೋಲು ಬಾರಿಸುವವನು ಅಕ್ಕನ ಮೇಲೆ ಹಗೆ ಸಾಧಿಸಿದ್ದಾನೆ. ಆರು ಮತ್ತು ಏಳು ಒಟ್ಟಿಗೆ ಕೇಳುವಂಥವು, ರಜೆಯ ದಿನ, ಬಾಗಿಲು ಮುಚ್ಚಿಕೊಂಡು. ಅವೆರಡರ ಕೊನೆಯ ಹಾಡಿನಲ್ಲಿಯೂ ಒಬ್ಬ ಗಂಡಸು ಬರುತ್ತಾನೆ. ಬಾಗಿಲಿನವರೆಗೆ ಬರುತ್ತಾನೆ, ಬೆಲ್ಲು ಒತ್ತುವುದಿಲ್ಲ. ಅವನು ಯಾರೆಂದು ಪತ್ರಿಕೆಯವರು ಬಹಳ ಸಲ ಕೇಳಿದ್ದಾರೆ. ಅಕ್ಕ ಗ್ಯಾಸಿನವನು ಎನ್ನುತ್ತಾಳೆ.

ಏಳನ್ನೂ ಈ ಪತ್ರದ ಜೊತೆ ರಟ್ಟಿನ ಪೆಟ್ಟಿಗೆಯಲ್ಲಿ ಇಟ್ಟಿದ್ದೇನೆ. ಪೆಟ್ಟಿಗೆ ನಾನೇ ಮಾಡಿದ್ದು, ಮೂಲೆ ನೋಡಿ ಹೊಗಳಬೇಕು.

ಈಗ ಮೂರನೆಯದು, ‘ಹೋಗಿ ಬರುತ್ತೇನೆ’.

ನೀವು ಕಂಸದಲ್ಲಿ ಬರೆದದ್ದನ್ನು ಇಲ್ಲಿ ಹಾಗೇ ಇಳಿಸುತ್ತೇನೆ. ಮೂರನೆಯದು ಬೇಡ, ಅದನ್ನು ಆಗಲೇ ಒಂದು ಸಲ ಕೇಳಿದ್ದೇನೆ, ಕೊನೆಯ ಹಾಡು ಬಸ್ ನಿಲ್ದಾಣದ್ದು, ಅರ್ಥವಾಯಿತು ಅಂತ. ಭಾವ, ಅದನ್ನು ಓದಿ ನನ್ನ ಕೈಯಲ್ಲಿದ್ದ ಕುಂಚ ಗೋಂದಿನೊಳಗೆ ಹಿಡಿಯ ತನಕ ಮುಳುಗಿಹೋಯಿತು. ನೀವು ಆ ಕ್ಯಾಸೆಟ್ಟು ಕೇಳಿದ್ದೀರಿ ಎನ್ನುವುದೇ ನಮಗೆ ಯಾರಿಗೂ ಗೊತ್ತಿರಲಿಲ್ಲ. ಹೆಂಡತಿಯ ಹಾಡೆಂದರೆ ನಿಮಗೆ ಅಷ್ಟಕ್ಕಷ್ಟೇ ಎಂದೇ ನಾವು ತಿಳಿದಿದ್ದೆವು. ಹೊಸ ಕ್ಯಾಸೆಟ್ಟನ್ನು ಅಕ್ಕ ನಿಮ್ಮ ಕನ್ನಡಕದಂಗಡಿಯ ಮೇಜಿನ ಮೇಲೆ ಇಟ್ಟು ಬಂದ ಐದನೇ ದಿನ ನೀವು ದೂರದ ಊರಿನಲ್ಲಿ ಕೆಲಸ ಹಿಡಿದು ಹೊರಟಿರಿ. ಹಾಡು ಹಿಡಿಸದೆ ಹೋದರು ಎಂದುಕೊಂಡಳು ಅವಳು. ನೀವೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರೆ. ನಿಮ್ಮಿಬ್ಬರ ಮನೆಯಲ್ಲಿ ಆ ಬಂಗಾರ ಇಡಲು ಜಾಗವೇ ಉಳಿದಿರಲಿಲ್ಲ.

ನಡೆದದ್ದು ಇಷ್ಟು. ಆ ಸಲ ಕಾರ್ಖಾನೆಯಿಂದ ಮುನ್ನೂರು ಕ್ಯಾಸೆಟ್ಟು ಬೋಳಾಗಿ ಬಂದವು, ಲೇಬಲ್ಲು ನಾವೇ ಅಂಟಿಸಬೇಕಿತ್ತು. ಮೊದಲ ಮಗ್ಗುಲು ಮೇಲೆ ಬರುವ ಹಾಗೆ ನೀಟಾಗಿ ಜೋಡಿಸಿ ಕಳಿಸಿದ್ದರು, ಅವರ ತಪ್ಪೇನೂ ಇಲ್ಲ. ಅಂಟಿನ ಕೆಲಸ ಅಂದ ಮೇಲೆ ನನಗೆ ಬಿಟ್ಟು ಯಾರಿಗೆ? ನಮ್ಮ ಕಸುಬಿನಲ್ಲಿ ಪುಸ್ತಕವನ್ನು ಮೊದಲು ಬೋರಲು ಹಾಕಿ ಹಿಂದಿನ ರಟ್ಟಿಗೆ ಗೋಂದು ಹಚ್ಚುತ್ತೇವೆ, ಮುಂದಿನದು ಆಮೇಲೆ. ಹದಿನೈದು ವರ್ಷದ ಕೈ ಅದು, ತಲೆಯನ್ನು ಕೇಳಿ ಕೆಲಸ ಮಾಡುವುದಿಲ್ಲ. ಒಂದೊಂದೇ ಕ್ಯಾಸೆಟ್ಟು ಎತ್ತಿದೆ, ಬೋರಲು ಹಾಕಿದೆ, ‘ಒಂದು’ ಎನ್ನುವ ಲೇಬಲ್ಲು ಅಂಟಿಸಿದೆ. ತಿರುಗಿಸಿದೆ, ‘ಎರಡು’ ಅಂಟಿಸಿದೆ. ಮುನ್ನೂರಕ್ಕೆ ಮುನ್ನೂರೂ ತಿರುಗಾಮುರುಗಾ. ಒಂದಾದರೂ ಸರಿಯಾಗಿದ್ದರೆ ಅನುಮಾನ ಬರುತ್ತಿತ್ತು, ನನ್ನ ಕೈ ಅಷ್ಟು ಅಚ್ಚುಕಟ್ಟು.

ಹಾಡಿನ ಪಟ್ಟಿ ಇದ್ದಿದ್ದರೆ ಗೊತ್ತಾಗುತ್ತಿತ್ತು. ಅಕ್ಕ ಪಟ್ಟಿ ಹಾಕಿಸುವವಳಲ್ಲ, ಹಾಡು ತನ್ನ ಹೆಸರು ತಾನೇ ಹೇಳಿಕೊಳ್ಳಲಿ ಅಂತಾಳೆ. ಹಾಡಿದ್ದನ್ನು ತಿರುಗಿ ಕೇಳುವವಳೂ ಅಲ್ಲ. ಮೂರು ತಿಂಗಳ ಮೇಲೆ ಪತ್ರಿಕೆಯೊಂದು ಕೊನೆಯ ಹಾಡಿನಲ್ಲಿ ಮನೆ ಬಿಟ್ಟು ನಡೆಯುವ ಹೆಣ್ಣಿನ ಧೈರ್ಯವನ್ನು ಕೊಂಡಾಡಿದಾಗ ನಮಗೆ ತಿಳಿಯಿತು. ನಾನು ಹೆದರಿ ಹೋಗಿ ಹೇಳಿದೆ. ಅಕ್ಕ ಅಂದದ್ದು ಇಷ್ಟೇ, ಬಿಡೇ, ಕೇಳೋರಿಗೆ ಹಿಡಿಸಿದ್ರೆ ಹಾಗೇ ಇರ್ಲಿ ಅಂತ. ಊರೆಲ್ಲ ಮೆಚ್ಚಿತು, ನಾವೂ ನಕ್ಕು ಮರೆತೆವು. ಆ ಮುನ್ನೂರರಲ್ಲಿ ಒಂದು ನಿಮ್ಮ ಮೇಜಿನ ಮೇಲೆ ಇದ್ದದ್ದು ನಮ್ಮ ತಲೆಗೆ ಹೊಳೆಯಲೇ ಇಲ್ಲ.

ನೀವು ಕೇಳಿದ್ದು ಏನು? ಮೊದಲು ಗಾಜು ಉಜ್ಜುವ ಗಂಡ, ಅವನ ಅಂಗಿಗೆ ಅಂಟಿದ ಬಿಳಿ ಪುಡಿ, ಇಬ್ಬರ ನಡುವೆ ಒಂದೇ ಬನ್ನು. ಕೊನೆಗೆ ಪೆಟ್ಟಿಗೆ, ಬಸ್ ನಿಲ್ದಾಣ, ತಿರುಗಿ ನೋಡೆನು ಎನ್ನುವ ಪಲ್ಲವಿ. ಅವಳು ನಿಮ್ಮನ್ನು ಬಿಟ್ಟು ಹೊರಟಳೆಂದೇ ತಿಳಿದಿರಿ. ಅವಳು ಕಟ್ಟಿದ್ದು ಹಾಗಲ್ಲ. ಬಸ್ ನಿಲ್ದಾಣ ಐದನೇ ಹಾಡು, ಕತೆಯ ನಡುಮಧ್ಯ. ಆಮೇಲೆ ಅವಳು ಮನೆಗೆ ಬರುತ್ತಾಳೆ. ಹತ್ತನೆಯದೇ ಆ ಬನ್ನಿನ ಹಾಡು. ಹೆಸರಿನಲ್ಲೇ ಇದೆಯಲ್ಲ ಭಾವ, ಹೋಗುವುದು ಮೊದಲು, ಬರುವುದು ಆಮೇಲೆ. ಊರಿಗೆಲ್ಲ ಕನ್ನಡಕ ಕೊಡುವವರ ಕಣ್ಣಿಗೇ ಅದು ಬೀಳಲಿಲ್ಲ. ದೀಪದ ಬುಡದಲ್ಲಿ ಕತ್ತಲೆ.

ಇನ್ನೊಂದು ಮಾತು ಬರೆಯಲೋ ಬೇಡವೋ ಎಂದು ಎರಡು ಲೋಟ ಟೀ ಕುಡಿದೆ. ಅವಳು ನಿಜಕ್ಕೂ ಒಂದು ದಿನ ಪೆಟ್ಟಿಗೆ ಹಿಡಿದು ಹೊರಟಿದ್ದಳು. ನೀವು ವಾರಗಟ್ಟಲೆ ಅಂಗಡಿಯಲ್ಲೇ ಊಟ ಮಾಡುತ್ತಿದ್ದ ಆ ಕಾಲದಲ್ಲಿ. ನಿಲ್ದಾಣದಲ್ಲಿ ಎರಡು ತಾಸು ಕೂತು ವಾಪಸು ಬಂದಳು. ನೀವು ಮನೆಗೆ ಬರುವಷ್ಟರಲ್ಲಿ ಪೆಟ್ಟಿಗೆ ಮಂಚದ ಕೆಳಗೆ ಸೇರಿತ್ತು. ಯಾಕೆ ವಾಪಸು ಬಂದಳೆಂದು ನಿಮಗೆ ಬಾಯಿಬಿಟ್ಟು ಹೇಳಲಾರದೆ ಎರಡನೇ ಮಗ್ಗುಲಿನ ಐದು ಹಾಡು ಕಟ್ಟಿದಳು. ಮನೆಯ ಕೆಳಗಿನ ಅಂಗಡಿಯಲ್ಲಿ ಗಾಜು ಉಜ್ಜುವ ನಿಮ್ಮ ಯಂತ್ರದ ಸದ್ದಿಗೆ ಮನೆಯಲ್ಲಿ ಆಗದೆ, ಇಲ್ಲೇ ನಮ್ಮ ಅಂಗಡಿಯ ಅಟ್ಟದ ಮೇಲೆ ಕೂತು ಕಟ್ಟಿದಳು. ಆ ಐದು ಹಾಡುಗಳನ್ನು ನಾನು ನಿಮಗೆ ತಲೆಕೆಳಗು ಮಾಡಿ ಕೇಳಿಸಿದೆ. ಇದಕ್ಕೆ ಕ್ಷಮೆ ಕೇಳುವುದು ಹೇಗೆಂದು ತಿಳಿಯದು. ಕೇಳುತ್ತಿದ್ದೇನೆ.

ಹಾಗೆಂದು ಪೂರ್ತಿ ನನ್ನ ತಲೆಗೇ ಕಟ್ಟಬೇಡಿ. ಅಂಟಿಸಿದ್ದು ನಾನು, ಕೇಳದೆ ಹೊರಟದ್ದು ನೀವು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎನ್ನುತ್ತಾರೆ, ನೀವು ಉಣ್ಣಲೂ ಇಲ್ಲ, ಜಗಳವನ್ನೂ ಆಡಲಿಲ್ಲ. ಅವತ್ತು ಬಾಗಿಲಲ್ಲಿ ನಿಂತು ಹೋಗ್ತೀನಿ ಅಂದಿರಂತೆ, ಬರ್ತೀನಿ ಅನ್ನಲಿಲ್ಲವಂತೆ. ಅಕ್ಕ ಅದೊಂದನ್ನು ಮಾತ್ರ ಇವತ್ತಿಗೂ ನಗದೆ ಹೇಳುತ್ತಾಳೆ.

ಪೆಟ್ಟಿಗೆಯಲ್ಲಿರುವ ಮೂರನೆಯದರ ಲೇಬಲ್ಲುಗಳನ್ನು ಒದ್ದೆ ಬಟ್ಟೆ ಇಟ್ಟು ಕಿತ್ತು, ಸರಿಯಾದ ಮಗ್ಗುಲಿಗೆ ಅಂಟಿಸಿದ್ದೇನೆ. ಆದರೂ ಮೊದಲನೇ ಮಗ್ಗುಲನ್ನು ಮತ್ತೆ ಕೇಳಬೇಡಿ. ಅದನ್ನು ಆರು ವರ್ಷದಿಂದ ಮನಸ್ಸಿನಲ್ಲೇ ಕೇಳುತ್ತಲೇ ಇದ್ದೀರಿ. ಮೊದಲು ‘ಕೊಡೆ ಮರೆತವರು’ ಅಂದಿದ್ದೆನಲ್ಲ, ಆ ಮಾತು ಹೊಡೆದುಹಾಕಿ. ಮೂರನೆಯದನ್ನು ತೆಗೆಯಿರಿ, ಎರಡನೇ ಮಗ್ಗುಲಿನಿಂದ ಶುರು ಮಾಡಿ.

ಗೋಂದು ಒಣಗುತ್ತಿದೆ, ಏಳುತ್ತೇನೆ. ಆರೋಗ್ಯ ನೋಡಿಕೊಳ್ಳಿ.

ನಿಮ್ಮ ನಾದಿನಿ,
ಗೋಂದಿನ ಡಬ್ಬಿ

ಮರೆತ ಮಾತು: ಅಕ್ಕನಿಗೆ ಹೇಳಿಲ್ಲ ಎಂದದ್ದು ಸುಳ್ಳು. ನಿಮ್ಮ ಅಕ್ಷರ ಕಂಡು ಪತ್ರ ಒಡೆದವಳೇ ಅವಳು. ಕಂಸದೊಳಗಿನ ಸಾಲು ಓದಲಾಗದೆ ನನ್ನ ಕೈಗೆ ಕೊಟ್ಟಳು. ನಾನು ಓದಿ ಹೇಳಿದೆ. ಕಣ್ಣಲ್ಲಿ ನೀರು ಬರುವ ತನಕ ನಕ್ಕಳು, ನಗು ನಿಂತರೂ ನೀರು ನಿಲ್ಲಲಿಲ್ಲ. ಈಗ ಎದುರಿಗೇ ಕೂತಿದ್ದಾಳೆ. ಐದನೆಯದನ್ನು ಬಿಡಿ ಎಂದು ಬರೆಸಿದವಳೂ ಅವಳೇ. ಎಂಟನೆಯದರ ಕ್ಯಾಸೆಟ್ಟುಗಳು ಬೋಳಾಗಿ ಬಂದಿವೆ. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಊಟದ ಮೇಜಿನ ಮೇಲೆ ಲೇಬಲ್ಲು ಅಂಟಿಸುವುದು, ನನ್ನೊಬ್ಬಳನ್ನು ಇನ್ನು ನಂಬುವುದಿಲ್ಲವಂತೆ. ನೀವು ಬರುವಾಗ ಕಣ್ಣಿನ ನಂಬರು ನೋಡುವ ಗಾಜಿನ ಪೆಟ್ಟಿಗೆ ತರಬೇಕಂತೆ. ನೀವು ಮಾಡಿಕೊಟ್ಟ ಕನ್ನಡಕವನ್ನೇ ಮುರಿದ ಕಡ್ಡಿಗೆ ದಾರ ಕಟ್ಟಿ ಹಾಕಿಕೊಂಡಿದ್ದಾಳೆ. ಅದರ ನಂಬರು ಯಾವತ್ತೋ ಹೋಗಿದೆ. ಊರಲ್ಲಿ ಕನ್ನಡಕದಂಗಡಿಗಳು ನಾಲ್ಕಿವೆ, ಆರು ವರ್ಷದಲ್ಲಿ ಒಂದರ ಮೆಟ್ಟಿಲನ್ನೂ ಹತ್ತಿಲ್ಲ.