ಬಿಟ್ಟ ಒಂದು ಸಾಲು

ಜೂನ್ ೧೪, ಭಾನುವಾರ

ಪ್ರೀತಿಯ ಪುಟ್ಟಿಗೆ,

ನಿನ್ನ ಅಕ್ಕನ ಆಶೀರ್ವಾದಗಳು. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲವೆಂದು ಮುಖ ಊದಿಸಿಕೊಂಡು ಕೂತಿರುತ್ತೀಯ, ಗೊತ್ತು. ತಪ್ಪಾಯಿತು ಮಾರಾಯ್ತಿ, ಬೈದುಕೋ. ಫೋನು ಮಾಡಬಹುದಿತ್ತು, ಆದರೆ ಮಧ್ಯೆ ಬಾಯಿ ಹಾಕದೆ ನೀನು ಯಾವತ್ತು ಒಂದು ಮಾತು ಪೂರ್ತಿ ಕೇಳಿದ್ದೀಯ? ನಿನ್ನ ಮಂಡಿ ನೋವು ಹೇಗಿದೆ? ನಿಮ್ಮ ಮನೆಯವರ ಕೆಮ್ಮು ಇಳಿಯಿತೇ?

ಈಗ ಸಂತೋಷದ ಸುದ್ದಿ. ಅಣ್ಣ ನನ್ನ ಕೈಗೆ ಸಿಕ್ಕಿದ. ಸರಿಯಾಗಿ ಸಿಕ್ಕಿದ.

ಮಕ್ಕಳ ವಾರ್ಡಿನಿಂದ ನನ್ನನ್ನು ಎಂಡೋಸ್ಕೋಪಿ ವಿಭಾಗಕ್ಕೆ ಹಾಕಿ ಎಂಟು ತಿಂಗಳಾಯಿತಲ್ಲ. ಹಿಂದಿನಿಂದ ಕೊಳವೆ ಹಾಕಿ ದೊಡ್ಡ ಕರುಳು ನೋಡುವ ಕೊಲೊನೋಸ್ಕೋಪಿ ನಡೆಯುವುದು ಇಲ್ಲೇ. ಕರುಳು ತೊಳೆದಿಟ್ಟ ಪಾತ್ರೆಯ ಹಾಗಿರಬೇಕು. ಇಲ್ಲದಿದ್ದರೆ ಡಾಕ್ಟರಿಗೆ ಏನೂ ಕಾಣುವುದಿಲ್ಲ, ರೋಗಿಯನ್ನು ವಾಪಸ್ ಕಳಿಸಬೇಕು. ಅದಕ್ಕೇ ಐದು ದಿನ ಮುಂಚಿನಿಂದ ರೋಗಿಯ ಮೊಬೈಲಿಗೆ ಮೆಸೇಜುಗಳು ಹೋಗುತ್ತವೆ: ಬೀಜ ಇರುವ ತರಕಾರಿ ಬೇಡ, ಇವತ್ತು ಬರೀ ತಿಳಿ ನೀರು, ಆರು ಗಂಟೆಗೆ ಭೇದಿ ಔಷಧ. ಮೊದಲು ಡಾಕ್ಟರೇ ಬರೆದುಕೊಟ್ಟಿದ್ದರು, "ಮಲವು ಪಾರದರ್ಶಕವಾಗತಕ್ಕದ್ದು" ಅಂತ. "ಸಾರ್, ಇದನ್ನ ಓದಿದ್ರೆ ಹೋಗೋದೂ ನಿಂತುಹೋಗುತ್ತೆ" ಅಂದೆ. ಅವರು ನಕ್ಕು, "ಹಾಗಾದ್ರೆ ನೀವೇ ಬರೀರಿ ಸಿಸ್ಟರ್" ಅಂದರು. ಅಂದಿನಿಂದ ಬರೆಯುವವಳೂ ನಾನೇ, ಕಳಿಸುವವಳೂ ನಾನೇ.

ಹೋದ ವಾರ ಪಟ್ಟಿ ನೋಡುತ್ತಿದ್ದೆ. ಗುರುವಾರದ ಮೂರನೆಯ ಹೆಸರು ಅವನದು. ವಯಸ್ಸು ಐವತ್ತೆಂಟು. ಎರಡು ತಿಂಗಳಿಂದ ಮಲದಲ್ಲಿ ರಕ್ತ. ನಂಬರೂ ಅದೇ ಹಳೆಯದು, ಅಮ್ಮನ ಇದೇ ಪರೀಕ್ಷೆಗೆ ಇಲ್ಲಿಂದ ಮೆಸೇಜುಗಳೆಲ್ಲ ಹೋಗಿದ್ದ ನಂಬರು. ಅಮ್ಮ ಅವನ ಮನೆಯಲ್ಲೇ ಇದ್ದಳು, ಪಕ್ಕದ ಕೋಣೆಯಲ್ಲಿ. ಆದರೂ ಒಂದನ್ನಾದರೂ ಅವಳಿಗೆ ಓದಿ ಹೇಳಲಿಲ್ಲವಲ್ಲ ಆ ಮಹಾನುಭಾವ! ಪಾಪ, ಅವಳು ಎಂದಿನಂತೆ ತಿಂಡಿ ತಿಂದು ಬಂದಳು. ಮೇಜಿನ ಮೇಲೆ ಮಲಗಿ, ಬೈಸಿಕೊಂಡು, ನಾಚಿಕೆಯಿಂದ ಕುಗ್ಗಿಹೋಗಿ ಎದ್ದು ಹೋದಳು. "ಕೆಲಸದ ಗಲಾಟೇಲಿ ಮರ್ತೋಯ್ತು" ಅಂದ ಅವನು, ಹಾಲು ತರಲು ಮರೆತವನ ಹಾಗೆ. ಮುಂದಿನ ದಿನಾಂಕ ಸಿಕ್ಕಿದ್ದು ಮೂರು ತಿಂಗಳ ಮೇಲೆ. ಅಷ್ಟರಲ್ಲಿ ಗಡ್ಡೆ ಲಿವರಿಗೆ ಹಬ್ಬಿತ್ತು. ಅಮ್ಮ ಹೋದ ದಿನ ನೀನೇ ನನ್ನ ಕೈ ಹಿಡಿದು ಹೇಳಿದ್ದೆ, "ಅವನು ಯಾವತ್ತಾದ್ರೂ ಕೈಗೆ ಸಿಕ್ಕಿದ್ರೆ ಬಿಡಬೇಡ ಅಕ್ಕ" ಅಂತ.

ಬಿಡಲಿಲ್ಲ. ಕಂಪ್ಯೂಟರಿನಲ್ಲಿ ಅವನ ಹೆಸರಿನ ಮುಂದಿನ ಗುರುತು ತೆಗೆದರೆ ಒಂದು ಮೆಸೇಜೂ ಹೋಗುತ್ತಿರಲಿಲ್ಲ. ಬೆರಳು ಅಲ್ಲಿಗೆ ಹೋಗಿಯೂ ಇತ್ತು. ಆಮೇಲೆ ಅನಿಸಿತು, ಅದರಲ್ಲೇನು ಸುಖ? ಉಂಡು ತಿಂದು ಬರುತ್ತಾನೆ, ಉಂಡು ತಿಂದು ಹೋಗುತ್ತಾನೆ. ಮೊದಲು ಎಲ್ಲವನ್ನೂ ಅನುಭವಿಸಲಿ. ಹಾಗಾಗಿ ಹನ್ನೊಂದು ಮೆಸೇಜನ್ನೂ ಕಳಿಸಿದೆ, ಒಂದೇ ಒಂದು ಸಾಲು ಬಿಟ್ಟು: "ಮಂಪರು ಬರುವ ಇಂಜೆಕ್ಷನ್ ಕೊಡುತ್ತೇವೆ, ಜೊತೆಗೆ ಮನೆಯವರೊಬ್ಬರು ಬರಲೇಬೇಕು, ಇಲ್ಲದಿದ್ದರೆ ಪರೀಕ್ಷೆ ಇಲ್ಲ." ಅತ್ತಿಗೆ ಮಗಳ ಹೆರಿಗೆಗೆಂದು ಹೋಗಿದ್ದಾಳೆ, ಮನೆಯಲ್ಲಿ ಅವನೊಬ್ಬನೇ ಎಂದು ನಿನ್ನ ಕಾಗದದಿಂದ ನನಗೆ ಗೊತ್ತಿತ್ತು.

ಅವನಿಗೆ ಮಾತ್ರ ಪ್ರತಿ ಮೆಸೇಜಿನ ಕೆಳಗೆ "ಓದಿದ್ದೀರಾ? ಉತ್ತರಿಸಿ" ಅಂತ ಸೇರಿಸಿದೆ. ಯಾರು ಕೇಳುತ್ತಿದ್ದಾರೆಂದು ಅವನಿಗೇನು ಗೊತ್ತು! "ಓದಿದೆ ಸಿಸ್ಟರ್" ಅಂತ ಹನ್ನೊಂದು ಸಲ ಬರೆದ. ಅಮ್ಮನಿಗಾಗಿ ಒಂದು ಸಲ ಓದಲಾಗದವನು! ಬುಧವಾರ ಸಂಜೆ, "ಅರ್ಧ ಕುಡಿದೆ, ವಾಂತಿ ಬರ್ತಿದೆ, ಇಷ್ಟು ಸಾಕಾ ಸಿಸ್ಟರ್?" ಅಂತ ಬಂತು. "ಸಾಲದು, ಪೂರ್ತಿ ಕುಡಿಯಿರಿ" ಅಂತ ಕಳಿಸಿದೆ. ಗುರುವಾರ ಬೆಳಿಗ್ಗೆ, "ಬರೀ ಹಳದಿ ನೀರು ಹೋಗ್ತಿದೆ, ಸರೀನಾ?" ಅಂತ. "ತುಂಬಾ ಚೆನ್ನಾಗಿ ಮಾಡಿದ್ದೀರಿ" ಅಂತ ಬರೆದು ನಾನು ಹೊಟ್ಟೆ ತುಂಬ ತಿಂಡಿ ತಿಂದೆ.

ಮಧ್ಯಾಹ್ನ ಬಂದ. ಹಿಂದೆ ದಾರ ಕಟ್ಟುವ ಆಸ್ಪತ್ರೆಯ ಅಂಗಿ ಹಾಕಿಕೊಂಡು, ಎರಡು ಕೈಯಲ್ಲೂ ಹಿಂಭಾಗ ಮುಚ್ಚಿಕೊಂಡು, ಒಣಗಿದ ಮುಖ ಮಾಡಿಕೊಂಡು ಬೆಂಚಿನ ಮೇಲೆ ಕೂತಿದ್ದ. ನಾನು ಮಾಸ್ಕ್ ಹಾಕಿದ್ದೆ.

"ಜೊತೇಲಿ ಯಾರು ಬಂದಿದ್ದಾರೆ?" ಅಂದೆ.

"ಯಾರೂ ಇಲ್ಲ. ಕರ್ಕೊಂಡು ಬರಬೇಕು ಅಂತ ಹೇಳಿರಲಿಲ್ಲವಲ್ಲ ಸಿಸ್ಟರ್."

ಮಾಸ್ಕ್ ಇಳಿಸಿದೆ. ಅವನ ಮುಖ ನೋಡಬೇಕಿತ್ತು ಪುಟ್ಟಿ!

"ಅಯ್ಯೋ, ನೀನಾ! ಸದ್ಯ. ನೀನೇ ಇದೀಯಲ್ಲ, ನೀನೇ ಜೊತೇಲಿರು" ಅಂದ, ಎರಡು ವರ್ಷದಿಂದ ಮಾತಿಲ್ಲ ಅನ್ನುವುದನ್ನೂ ಮರೆತು.

"ನಾನು ಡ್ಯೂಟಿಯಲ್ಲಿದೀನಿ. ನಿಮ್ಮ ಕಡೆಯೋರು ಯಾರಾದ್ರೂ ಬೇಕು."

"ಎಲ್ಲಾ ಮೆಸೇಜೂ ಓದಿದೀನಿ ಕಣೇ. ಇದೊಂದು ಬಂದಿರಲಿಲ್ಲ."

"ಕೆಲಸದ ಗಲಾಟೇಲಿ ಮರ್ತೋಯ್ತು" ಅಂದೆ. ಅವನ ಮಾತು, ಅವನದೇ ರಾಗ.

ಅರ್ಥವಾಯಿತು ಅವನಿಗೆ. ಜೊತೆಗೆ ಯಾರೂ ಇಲ್ಲವೆಂದು ಒಳಗೆ ಹೇಳಿದೆ, ಡಾಕ್ಟರು "ಛೆ" ಅಂದು ಮುಂದಿನವರನ್ನು ಕರೆಸಿದರು. ಸೆಪ್ಟೆಂಬರ್ ಮೊದಲ ವಾರದ ದಿನಾಂಕವನ್ನು ಚೀಟಿಯಲ್ಲಿ ಬರೆದು ಅವನ ಕೈಗಿಟ್ಟೆ. ಪ್ಯಾಂಟು ಹಾಕಿಕೊಂಡು ಬಂದವನು ಬಾಗಿಲಲ್ಲಿ ನಿಂತು ಏನೋ ಒಂದು ಕೇಳಿದ. ನಾನು ಮಾಸ್ಕ್ ಮತ್ತೆ ಮೇಲೆಳೆದುಕೊಂಡೆ. ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದು ಹೋದ.

ಅಮ್ಮ ಹೋದ ಮೇಲೆ ಮೊದಲ ಸಲ ಕಣ್ತುಂಬ ನಿದ್ದೆ ಮಾಡಿದೆ, ಎರಡು ದಿನ. ಕೆಲಸ ಹೋದೀತು ಅಕ್ಕ, ಪಾಪ ಬಂದೀತು ಅಕ್ಕ ಅಂತೆಲ್ಲ ಶುರು ಮಾಡಬೇಡ. ಸೆಪ್ಟೆಂಬರ್‌ವರೆಗೆ ಕಾಯಲಿ. ಅಮ್ಮ ಕಾಯಲಿಲ್ಲವೇ?

ನಿನಗೂ ಮಕ್ಕಳಿಗೂ ಒಳ್ಳೆಯದಾಗಲಿ. ಅಮ್ಮನಿಗೆ ಬಂದ ಕಾಯಿಲೆ ನಮ್ಮನ್ನೂ ಬಿಡಬೇಕೆಂದಿಲ್ಲ, ನೀನೂ ಒಮ್ಮೆ ಬಂದು ತೋರಿಸಿಕೊಂಡು ಹೋಗು. ನೂರು ವರ್ಷ ನಗುನಗುತ್ತಾ ಬಾಳು.

ನಿನ್ನ ಅಕ್ಕ

ತಾ.ಕ.: ಲಕೋಟೆ ಅಂಟಿಸಿದ್ದನ್ನು ಮತ್ತೆ ಬಿಚ್ಚಿದ್ದೇನೆ. ಅವನು ಬಾಗಿಲಲ್ಲಿ ಕೇಳಿದ್ದು ಇದು: "ಅಮ್ಮನ ಫಾರಂನಲ್ಲಿ ನನ್ನ ನಂಬರ್ ಬರೆದೋರು ಯಾರು?" ನೀನೂ ಒಮ್ಮೆ ಕೇಳಿದ್ದೆ. ಅವನೇ ಕೊಟ್ಟಿದ್ದ ಅಂತ ನಾನು ಹೇಳಿದ್ದು ಸುಳ್ಳು. ಪರೀಕ್ಷೆಗೆ ಹೆಸರು ಬರೆಸಿದ ದಿನ ಅಮ್ಮನನ್ನು ಕೌಂಟರಿಗೆ ಕರೆದುಕೊಂಡು ಹೋಗಿ ಫಾರಂ ತುಂಬಿದವಳು ನಾನು. "ನಿನ್ನ ನಂಬರ್ ಬರಿಯಮ್ಮ, ಅವನಿಗೆ ಇಂಥದ್ದೆಲ್ಲ ನೆನಪಿರಲ್ಲ" ಅಂತ ಅವಳು ಎರಡು ಸಲ ಹೇಳಿದಳು. ಓಡಾಡುವುದೆಲ್ಲ ನಾನು, ಬಾಯಿ ತೆರೆದರೆ ಹೊಗಳುವುದು ಮಗನನ್ನು ಅಂತ ನನಗೆ ಹೊಟ್ಟೆ ಉರಿಯುತ್ತಿತ್ತು. ಅವನು ಮರೆಯಲಿ, ಆಗ ಅವಳಿಗೇ ಗೊತ್ತಾಗಲಿ ಅಂದುಕೊಂಡು ಅವನ ನಂಬರನ್ನೇ ಬರೆದೆ. ಅವನು ಮರೆತ ಪುಟ್ಟಿ. ನಾನು ಅಂದುಕೊಂಡ ಹಾಗೇ ಮರೆತ.