ಬೇವಿನ ಬೀಜ ಎಷ್ಟು ಹಿಡಿ?

ಸುತ್ತೂರು
ಬುಧವಾರ

ಅವ್ವ,

ಇದನ್ನು ತಂಗಿ ಅರ್ಪಿತ ಆಸ್ಪತ್ರೆಯಲ್ಲಿ ನಿನಗೆ ಓದಿ ಹೇಳುತ್ತಾಳೆ. ಲಕ್ವ ಹೊಡೆದು ನಿನ್ನ ಮಾತು ನಿಂತ ಮೇಲೆ ಫೋನಿನಲ್ಲಿ ನನಗೂ ಮಾತು ಹೊರಡುವುದಿಲ್ಲ. ಅದಕ್ಕೇ ಪತ್ರ.

ನಿನ್ನ ಬದನೆ ಗಿಡಕ್ಕೆ ನುಸಿ ನುಸುಳಿದೆ. ಹುಸಿಯಲ್ಲ, ಎಲೆಯ ಹಿಂದೆಲ್ಲ ಸಣ್ಣ ಬಲೆ. ಗೊಬ್ಬರದ ಅಂಗಡಿಯವನು ಔಷಧಿ ಬಾಟಲಿ ತೋರಿಸಿದ. ನೀನು ಬೈಯುತ್ತಿದ್ದುದು ನೆನಪಾಗಿ ಬರಿಗೈಲಿ ಬಂದೆ: "ನಂಜು ನುಂಗಾಕೆ ನಂಜುಂಡಪ್ಪ ಅವ್ನೆ. ನಮ್ ಬದ್ನೆಕಾಯಿ ತಿನ್ನೋರು ಯಾಕ್ಲಾ ನುಂಗ್ಬೇಕು?"

ಬೇವಿನ ಬೀಜದ ಕಷಾಯ ನಾನೇ ಮಾಡಿದೆ. ಬಿಂದಿಗೆ ನೀರಿಗೆ ಎಷ್ಟು ಹಿಡಿ ಬೀಜ ಎಂದು ನೀನು ಹೇಳಿಕೊಡುವಾಗ, ನಾನು ಆ 'ಹಿಡಿ'ಯನ್ನೇ ಹಿಡಿದುಕೊಂಡು, ನಿನ್ನ ಸೆರಗು ಹಿಡಿದು ನಗಿಸಿದೆ, ಲೆಕ್ಕ ಹಿಡಿಯಲಿಲ್ಲ. ಎಂಟು ಹಿಡಿ ಹಾಕಿದೆ, ಎರಡು ಸಾಲಿನ ಎಲೆ ಸುಟ್ಟುಹೋಯಿತು. ನನ್ನ ಅಂಗೈ ನಿನ್ನದಕ್ಕಿಂತ ದೊಡ್ಡದೆಂದು ಆಮೇಲೆ ಹೊಳೆಯಿತು. ಮೂರಕ್ಕೆ ಇಳಿಸಿದೆ, ನುಸಿಗೆ ಅದು ಬೆಳಗಿನ ಕಾಫಿಯಾಯಿತು. ಇನ್ನು ಉಳಿದಿರುವುದು ನಾಲ್ಕೇ ಸಾಲು. ಏನು ಮಾಡಲೂ ಕೈ ಬರುತ್ತಿಲ್ಲ.

ಅರ್ಪಿತ, ಇಲ್ಲಿ ನಿಲ್ಲಿಸಿ ನಿನ್ನ ಕೈಯನ್ನು ಅವ್ವನ ಸ್ವಾಧೀನವಿರುವ ಎಡಗೈಯೊಳಗೆ ಇಡಮ್ಮ.

ಅವ್ವ, ಎಷ್ಟು ಹಿಡಿಯೋ ಅಷ್ಟು ಸಲ ತಂಗಿಯ ಕೈ ಹಿಡಿ. ನಿನ್ನ ಅಳತೆಯ ಹಿಡಿ ಸಾಕು, ನನ್ನ ಅಂಗೈಗೆ ತಕ್ಕಂತೆ ನಾನು ಕಡಿಮೆ ಮಾಡಿಕೊಳ್ಳುತ್ತೇನೆ. ಅವಳು ಎಣಿಸಿ ಫೋನ್ ಮಾಡಲಿ.

ಲೆಕ್ಕ ಮರೆತಿದ್ದರೆ ಸುಮ್ಮನೆ ಒಂದು ಸಲ ಹಿಡಿ. ಗಿಡ ಹೋದರೆ ಹೋಗಲಿ.

ನಿನ್ನ ಬಾಯಿಬಡುಕ ಮಗ,
ಮದನ್